ಸಹಿಯ ಮೇಲಿನ ಜಾಗ

ನನ್ನ ತಗಡಿನ ಪೆಟ್ಟಿಗೆಯ ತಳದಲ್ಲಿ ಒಂದು ಹಾಳೆ ಇದೆ. ತಲೆಯ ಮೇಲೆ ಅಚ್ಚಾದ ಲಾಂಛನ, ಅದರ ಕೆಳಗೆ 'ಶಿವನಂಜಮ್ಮ, ವಿಧಾನಸಭಾ ಸದಸ್ಯರು' ಎಂಬ ಅಕ್ಷರಗಳು. ತಳದಲ್ಲಿ, ಬಲಗಡೆಗೆ, ಹಸಿರು ಶಾಯಿಯ ಸಹಿ. ನಡುವೆ ಏನೂ ಇಲ್ಲ. ಹಾಳೆಯ ಅಂಚು ಹಳದಿಗೆ ತಿರುಗಿದೆ, ಶಾಯಿ ಮಾಸಿದೆ. ಆ ಸಹಿ ಹಾಕಿದ ಕೈ ಮಣ್ಣು ಸೇರಿ ಎಷ್ಟೋ ವರ್ಷಗಳಾದವು. ಆದರೂ ಈ ಹಾಳೆಯ ಮೇಲೆ ನಾನು ಏನು ಬರೆದರೂ ಅದು ಅವರು ಆಡಿದ ಮಾತೇ ಆಗುತ್ತದೆ.

ನಾನು ಮೂಲತಃ ಮೇಷ್ಟ್ರು. ಸಣ್ಣ ತರಗತಿಗಳಿಗೆ ಮಗ್ಗಿ ಹೇಳಿಕೊಡುತ್ತ ಕಾಲ ಹಾಕುತ್ತಿದ್ದವನು. ನನ್ನಲ್ಲಿದ್ದ ಒಂದೇ ಬಂಡವಾಳವೆಂದರೆ ಅಕ್ಷರ. ದುಂಡಗೆ, ಸಾಲು ಡೊಂಕಾಗದಂತೆ, ಒಂದು ಒತ್ತೂ ತಪ್ಪದಂತೆ ಬರೆಯುತ್ತಿದ್ದೆ. ಊರಿನ ಲಗ್ನಪತ್ರಿಕೆಗಳ ಕರಡಿನಿಂದ ಹಿಡಿದು ನಿವೃತ್ತರಾದವರಿಗೆ ಕೊಡುವ ಬಿನ್ನವತ್ತಳೆಯವರೆಗೆ ಎಲ್ಲವೂ ನನ್ನ ಕೈಯಿಂದಲೇ ಆಗಬೇಕಿತ್ತು. ಜನ ಹೊಗಳಿದರು, ನಾನು ಉಬ್ಬಿದೆ. ಈ ಉಬ್ಬುವ ಗುಣವೊಂದು ನನ್ನಲ್ಲಿ ಇಲ್ಲದಿದ್ದರೆ ಈ ಕತೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಶಿವನಂಜಮ್ಮನವರು ನಮ್ಮ ಪೇಟೆಬೀದಿಯಲ್ಲಿ ಇಪ್ಪತ್ತು ವರ್ಷ ಹೊಲಿಗೆ ಕ್ಲಾಸು ನಡೆಸಿದ ಹೆಂಗಸು. ಆ ಚುನಾವಣೆಯಲ್ಲಿ ಊರಿನ ಇಬ್ಬರು ದೊಡ್ಡ ಮನುಷ್ಯರು ಟಿಕೆಟ್ಟಿಗಾಗಿ ಹಟ ಹಿಡಿದು ಕೂತರು. ಒಬ್ಬನಿಗೆ ಸಿಕ್ಕರೆ ಇನ್ನೊಬ್ಬ ಬಿಡುವವನಲ್ಲ. ಕೊನೆಗೆ ಇಬ್ಬರೂ ಸೇರಿ, ಯಾರಿಗೂ ಅಡ್ಡ ಬಾರದ, ಹೇಳಿದ ಮಾತು ಕೇಳುವ ಒಬ್ಬರನ್ನು ನಿಲ್ಲಿಸೋಣವೆಂದು ಶಿವನಂಜಮ್ಮನವರ ಹೆಸರು ಹಾಕಿದರು. ಕ್ಷೇತ್ರದ ಅರ್ಧಕ್ಕರ್ಧ ಮನೆಗಳಲ್ಲಿ ರವಿಕೆ ಹೊಲಿಯಲು ಈಕೆಯ ಹತ್ತಿರ ಕಲಿತ ಒಬ್ಬಳಾದರೂ ಮಗಳೋ ಸೊಸೆಯೋ ಇದ್ದಾಳೆ ಎಂಬುದು ಆ ದೊಡ್ಡ ಮನುಷ್ಯರ ತಲೆಗೆ ಹೊಳೆದಿರಲಿಲ್ಲ. ಶಿವನಂಜಮ್ಮನವರು ಗೆದ್ದರು. ನಮ್ಮ ಕ್ಷೇತ್ರದಿಂದ ವಿಧಾನಸಭೆಗೆ ಹೋದ ಮೊದಲ ಹೆಂಗಸು ಅವರೇ.

ವೇದಿಕೆ ಹತ್ತಿದರೆ ಅವರ ಬಾಯಿಂದ ಮೂರು ಮಾತಿಗಿಂತ ಹೆಚ್ಚು ಬರುತ್ತಿರಲಿಲ್ಲ. ಪ್ರಚಾರಕ್ಕೆ ಹೋದ ಕಡೆಯೆಲ್ಲ ಕೈಮುಗಿದು ನಿಂತು ಬಂದರೇ ಹೊರತು ಯಾರಿಗೂ ಏನನ್ನೂ ಕೊಡುತ್ತೇನೆಂದು ಹೇಳಲಿಲ್ಲ. ಹೇಳಿದ್ದು ಒಂದೇ ಊರಲ್ಲಿ. ಹೊಳೆಯಾಚೆ, ಆಸ್ಪತ್ರೆಗೆ ಹನ್ನೊಂದು ಮೈಲಿ ದೂರದಲ್ಲಿರುವ ಆಚೆಗಟ್ಟೆ ಎಂಬ ಊರು. ಅಲ್ಲಿ ಸರ್ಕಾರದ ಒಂದು ಹೆರಿಗೆ ಕೇಂದ್ರವಿತ್ತು. ಎರಡು ಕೋಣೆ, ಒಂದು ಜಗಲಿ, ಒಬ್ಬ ನರ್ಸು. ಹೆಂಚು ಒಡೆದು ಒಳಗೆಲ್ಲ ಸೋರುತ್ತಿತ್ತು. ಶಿವನಂಜಮ್ಮ ಆ ಜಗಲಿಯ ಮೇಲೆ ನಿಂತು, "ನಾನು ದೊಡ್ಡ ಮಾತು ಆಡಲ್ಲ. ಈ ಸೂರು ಸರಿ ಮಾಡುಸ್ತೀನಿ. ಈ ಬಾಗ್ಲು ಮುಚ್ಚಿರೋದನ್ನ ನೀವ್ಯಾರೂ ನೋಡಬಾರದು, ಅಷ್ಟು ಮಾಡ್ತೀನಿ" ಎಂದಿದ್ದರು. ಮುಂದೆ ಕೂತಿದ್ದ ಜವರಮ್ಮ ಎಂಬ ಮುದುಕಿ ಎದ್ದು ಬಂದು ಅವರ ಗಲ್ಲ ಸವರಿ ನೆಟಿಗೆ ಮುರಿದದ್ದನ್ನು ನಾನೇ ನೋಡಿದ್ದೇನೆ.

ಗೆದ್ದ ವಾರಕ್ಕೆ ನನ್ನನ್ನು ಶಾಲೆಯಿಂದ ಬಿಡಿಸಿ ತಮ್ಮ ಆಪ್ತ ಸಹಾಯಕನನ್ನಾಗಿ ತೆಗೆದುಕೊಂಡರು. ಮೊದಲ ದಿನವೇ ಹೇಳಿದರು: "ನಂದು ಏಳನೇ ಕ್ಲಾಸು, ಮೇಷ್ಟ್ರೇ. ಕಾಗದ ಪತ್ರ ಎಲ್ಲಾ ನಿಮ್ಮದು. ಆದ್ರೆ ನಾನು ಹೇಳಿದ್ದನ್ನ ಬರೀರಿ, ಸಾಕು. ನಿಮ್ಮ ಜರಿ, ಕುಚ್ಚು ಎಲ್ಲಾ ಬ್ಯಾಡ."

ನಾನು ನಕ್ಕು ತಲೆಯಾಡಿಸಿದೆ. ಕುಚ್ಚು ಕಟ್ಟದೆ ಪತ್ರ ಬರೆಯುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

ಅವರು ಸಹಿ ಹಾಕುವುದನ್ನು ನೋಡಬೇಕಿತ್ತು. ಹಾಳೆಯನ್ನು ಮೊದಲು ಅಂಗೈಯಿಂದ ನೀವಿ ಸುಕ್ಕು ತೆಗೆಯುವರು. ಆಮೇಲೆ ಪೆನ್ನನ್ನು ಸೂಜಿಯ ಹಾಗೆ ಹಿಡಿದು, ಕಾಜಾ ಹೊಲಿಯುವಷ್ಟು ನಿಧಾನವಾಗಿ ಒಂದೊಂದೇ ಅಕ್ಷರ ಬರೆಯುವರು. ಪೂರ್ತಿ ಹೆಸರು, ಒತ್ತು ಸಮೇತ. ಕೊನೆಗೆ ಕೆಳಗೊಂದು ಗೆರೆ. "ಗೆರೆ ಯಾಕೆ ಅಮ್ಮಾವ್ರೇ?" ಎಂದು ಕೇಳಿದ್ದಕ್ಕೆ, "ಅಂಚು ಮಡಚಿ ಹೊಲೀದಿದ್ರೆ ಬಿಚ್ಚಿಕೊಳ್ತದೆ" ಎಂದಿದ್ದರು.

ಸೋಮವಾರ ಅವರ ಮನೆಯ ಪಡಸಾಲೆಯಲ್ಲಿ ಅಹವಾಲು. ಹೊಲಿಗೆ ಮೆಷೀನುಗಳನ್ನು ಗೋಡೆಗೆ ಸರಿಸಿ ಮಧ್ಯೆ ಒಂದು ಮೇಜು ಹಾಕಿದ್ದೆವು. ಪಿಂಚಣಿ, ಪಹಣಿ, ಹಾಸ್ಟೆಲ್ ಸೀಟು, ವರ್ಗಾವಣೆ. ಅವರು ಕೇಳುವರು, ನಾನು ಬರೆಯುವೆ, ಅವರು ಸಹಿ ಹಾಕುವರು. ಮೊದಲ ಆರು ತಿಂಗಳಲ್ಲಿ ಆಚೆಗಟ್ಟೆಯ ಕೇಂದ್ರಕ್ಕೆ ಹೊಸ ಹೆಂಚು ಬಂತು, ಗೋಡೆಗೆ ಸುಣ್ಣ ಬಂತು, ಜಗಲಿಗೆ ಒಂದು ಕಲ್ಲುಬೆಂಚು ಬಂತು. ಉದ್ಘಾಟನೆ ಬೇಡವೆಂದು ಅವರೇ ಹೋಗಿ ಪೊರಕೆ ಹಿಡಿದು ಜಗಲಿ ಗುಡಿಸಿ ಬಂದರು.

ತೊಂದರೆ ಶುರುವಾದದ್ದು ಅಧಿವೇಶನ ಶುರುವಾದಾಗ. ಅವರು ವಾರಗಟ್ಟಲೆ ರಾಜಧಾನಿಯಲ್ಲಿರಬೇಕು, ನಾನು ಊರಿನ ಕಚೇರಿ ನೋಡಿಕೊಳ್ಳಬೇಕು. ಬಂದವರು ಸಹಿಯಿಲ್ಲದೆ ಬರಿಗೈಲಿ ವಾಪಸು ಹೋಗುತ್ತಿದ್ದರು. ಆಗ ನಾನೇ ಒಂದು ದಾರಿ ಹೇಳಿದೆ. ಖಾಲಿ ಹಾಳೆಗಳಿಗೆ ಮೊದಲೇ ಸಹಿ ಹಾಕಿಟ್ಟು ಹೋದರೆ ನಾನು ಬೇಕಾದಾಗ ಬರೆದು ಕೊಡುತ್ತೇನೆ ಎಂದೆ.

ಅವರು ನನ್ನ ಮುಖ ನೋಡಿದರು. "ಬರೀ ಹಾಳೆಗಾ? ಅದರಲ್ಲಿ ಏನಿರ್ತದೋ ಗೊತ್ತಿಲ್ಲದೆ?"

"ಎಲ್ಲಾ ಶಾಸಕರೂ ಹಾಗೇ ಮಾಡೋದು ಅಮ್ಮಾವ್ರೇ. ಇದು ವಾಡಿಕೆ. ಪಾಪ, ಜನ ಹತ್ತು ಮೈಲಿ ನಡಕೊಂಡು ಬಂದು ವಾಪಸು ಹೋಗ್ತಾರೆ."

ಜನ ವಾಪಸು ಹೋಗುತ್ತಾರೆಂಬ ಮಾತಿಗೆ ಅವರು ಸೋತರು. ನಲವತ್ತು ಹಾಳೆಗಳಿಗೆ, ಒಂದೊಂದನ್ನೂ ಅಂಗೈಯಿಂದ ನೀವಿ, ಅದೇ ನಿಧಾನದಲ್ಲಿ ಸಹಿ ಹಾಕಿದರು. ಮುಗಿಸಿ ಪೆನ್ನಿಡುವಾಗ, "ಅಳತೆ ತಗೊಳ್ದೆ ಬಟ್ಟೆ ಕತ್ತರಿಸಿದಂಗಾಯ್ತು, ಮೇಷ್ಟ್ರೇ" ಎಂದರು. ನಾನು ಹಾಳೆಗಳನ್ನು ಜೋಡಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆ ಬೀಗದ ಕೈ ನನ್ನ ಜನಿವಾರಕ್ಕೇ ಸೇರಿತು. ಸುಳ್ಳೇಕೆ ಹೇಳಲಿ, ಅವತ್ತು ನಾನೇ ಶಾಸಕನಾದಷ್ಟು ಖುಷಿಯಾಯಿತು.

ಆ ಹಾಳೆಗಳ ಮೇಲೆ ಬರೆಯುವುದಕ್ಕೆ ಒಂದು ಹದವಿದೆ. ಸಹಿ ಮೊದಲೇ ಕೂತಿರುತ್ತದೆ. ಮಾತು ತೀರಾ ಕಡಿಮೆಯಾದರೆ ನಡುವೆ ಬೋಳು ಜಾಗ ಬಿದ್ದು ಅನುಮಾನ ಬರುತ್ತದೆ, ಹೆಚ್ಚಾದರೆ ಸಹಿಯ ಮೇಲೆ ಹತ್ತಿ ಹೋಗುತ್ತದೆ. ಮೇಲಿನಿಂದ ಬಂದ ಕೊನೆಯ ಸಾಲು ಸಹಿಯ ತಲೆಗೆ ತಾಗಿಯೂ ತಾಗದ ಹಾಗೆ ನಿಲ್ಲಬೇಕು. ನಾನು ಅದರಲ್ಲಿ ಪಳಗಿದೆ.

ಒಂದು ಮಧ್ಯಾಹ್ನ ಆಚೆಗಟ್ಟೆಯ ನರ್ಸ್ ಎಸ್ತರ್ ಬಂದರು. ಊರಿನವರ ಬಾಯಲ್ಲಿ ಎಸ್ತರಮ್ಮ. ಒಂಬತ್ತು ವರ್ಷ ಒಬ್ಬರೇ ಆ ಕೇಂದ್ರ ನಡೆಸಿದವರು. ಬೆಂಚಿನ ತುದಿಯಲ್ಲಿ ಕೂತು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, "ಸಾರ್, ನಮ್ಮಮ್ಮಂಗೆ ಲಕ್ವ ಹೊಡೆದು ಎಂಟು ತಿಂಗಳಾಯ್ತು. ನೋಡಿಕೊಳ್ಳೋಕೆ ಯಾರೂ ಇಲ್ಲ. ನಮ್ಮೂರ ಕಡೆ ಹಾಕಿಸಿಕೊಡಿ ಸಾರ್" ಎಂದರು. ಹೇಳುತ್ತ ಹೇಳುತ್ತ ಅತ್ತುಬಿಟ್ಟರು. ಶಿವನಂಜಮ್ಮ ಇದ್ದಿದ್ದರೂ ಇಲ್ಲವೆನ್ನುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬೀರು ತೆಗೆದೆ. ಎಸ್ತರಮ್ಮನ ಬಸ್ಸಿಗೆ ಇನ್ನು ಕಾಲು ಗಂಟೆಯಿತ್ತು. ಬರೆದು ಮುಗಿಸಿದಾಗ ಕೊನೆಯ ಸಾಲು ಸಹಿಯ ತಲೆಯ ಮೇಲೆ ಸರಿಯಾಗಿ ಬಂದು ನಿಂತಿತ್ತು. ನನ್ನ ಕೈಗೆ ನಾನೇ ಭೇಷ್ ಅಂದುಕೊಂಡೆ. ಎಸ್ತರ್ ಪತ್ರವನ್ನು ಕಣ್ಣಿಗೊತ್ತಿಕೊಂಡು ಬಸ್ಸಿಗೆ ಓಡಿದರು.

ನನ್ನ ಪತ್ರಕ್ಕೆ ಇಲ್ಲವೆನ್ನುವ ಅಧಿಕಾರಿ ಹುಟ್ಟಿಲ್ಲ ಎಂದು ನಾನು ಬೀಗುತ್ತಿದ್ದ ಕಾಲ ಅದು. ತಿಂಗಳೊಳಗೆ ಆದೇಶ ಬಂತು. ತಕ್ಷಣ ಜಾರಿಗೆ ಬರುವಂತೆ ವರ್ಗಾವಣೆ, ಅಂದೇ ಬಿಡುಗಡೆ. ಎಸ್ತರ್ ಬೀಗ ಹಾಕಿ, ಕೀಲಿಕೈಯನ್ನು ಪಕ್ಕದ ಕೇಂದ್ರಕ್ಕೆ ಒಪ್ಪಿಸಿ ಹೋದರೆಂದು ಆಮೇಲೆ ತಿಳಿಯಿತು.

ಜವರಮ್ಮನ ಮಗಳು ಸಾಕವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹದಿನೆಂಟೋ ಹತ್ತೊಂಬತ್ತೋ ವಯಸ್ಸು. ಒಂದು ಬೆಳಗ್ಗೆ ನೋವು ಕಾಣಿಸಿಕೊಂಡಿತು. ನರ್ಸು ಹೋಗಿದ್ದು ಗೊತ್ತಿದ್ದರೂ ಕಾಲು ಅಭ್ಯಾಸದ ದಾರಿಯನ್ನೇ ಹಿಡಿಯಿತೋ ಏನೋ, ಮೊದಲು ಆ ಕೇಂದ್ರಕ್ಕೇ ಕರೆದುಕೊಂಡು ಹೋದರಂತೆ. ನಾವೇ ಹಾಕಿಸಿದ ಕಲ್ಲುಬೆಂಚಿನ ಮೇಲೆ ಮಲಗಿಸಿದರಂತೆ. ಯಾರೋ ಬೀಗದ ಕೈ ತರಲು ಓಡಿದರು, ಯಾರೋ ಗಾಡಿ ಹೂಡಲು ಓಡಿದರು. ಅಷ್ಟು ಹೊತ್ತೂ ಆ ಹುಡುಗಿ ಮುಚ್ಚಿದ ಬಾಗಿಲ ಕಡೆ ಮುಖ ಮಾಡಿ, ಒಳಗೆ ಜನ ಇದ್ದಾರೆಂಬಂತೆ, "ಎಸ್ತರಮ್ಮಾ, ಬಾಗ್ಲು ತಗೀರಿ, ಎಸ್ತರಮ್ಮಾ" ಎಂದು ಕೂಗುತ್ತಿದ್ದಳಂತೆ. ಗಾಡಿ ಹೊಳೆ ದಾಟಿ ಅರ್ಧ ದಾರಿ ಬರುವಷ್ಟರಲ್ಲಿ ತಾಯಿ, ಮಗು ಇಬ್ಬರೂ ಹೋಗಿದ್ದರು.

ಮುಂದಿನ ಸೋಮವಾರ ಜವರಮ್ಮ ಪಡಸಾಲೆಗೆ ಬಂದಳು. ಶಿವನಂಜಮ್ಮ ಊರಲ್ಲೇ ಇದ್ದರು. ಮುದುಕಿ ಅಳಲಿಲ್ಲ. "ಬಾಗ್ಲು ಮುಚ್ಚಿರೋದನ್ನ ನೋಡಬಾರದು ಅಂದಿದ್ದಲ್ಲವ್ವ. ನೋಡ್ದೆ" ಎಂದಳು. "ಯಾರವ್ವ ನಮ್ ನರ್ಸಮ್ಮನ್ನ ಕಳಿಸಿದ್ದು? ಅವರ ಹೆಸ್ರು ಒಂದು ಹೇಳು. ಬೈಯಕ್ಕಲ್ಲ. ತಿಳ್ಕಳಕ್ಕೆ."

ಶಿವನಂಜಮ್ಮನವರಿಗೆ ವರ್ಗಾವಣೆಯ ವಿಷಯವೇ ಗೊತ್ತಿರಲಿಲ್ಲ. ಮುದುಕಿಯ ಎರಡೂ ಕೈ ಹಿಡಿದುಕೊಂಡು, "ತಿಳ್ಕೊಂಡು ಬಂದು ನಾನೇ ನಿಮ್ಮ ಮನೆ ಬಾಗ್ಲಲ್ಲಿ ಹೇಳ್ತೀನಿ" ಎಂದರು. ನಾನು ಮೇಜಿನ ಮೇಲಿನ ಹಾಳೆಯನ್ನೇ ನೋಡುತ್ತ ಕೂತಿದ್ದೆ.

ಅವತ್ತೇ ವಿಧಾನಸಭೆಗೆ ಪ್ರಶ್ನೆ ಕಳಿಸಬೇಕೆಂದರು. ಗೆದ್ದು ಒಂದೂವರೆ ವರ್ಷವಾಗಿದ್ದರೂ ಅವರು ಸದನದಲ್ಲಿ ಬಾಯಿ ತೆರೆದಿರಲಿಲ್ಲ. ಇದು ಮೊದಲ ಪ್ರಶ್ನೆ. ನಾನು ಬರೆದೆ: (ಅ) ಆಚೆಗಟ್ಟೆಯ ಹೆರಿಗೆ ಕೇಂದ್ರ ಮುಚ್ಚಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, (ಆ) ಬಂದಿದ್ದಲ್ಲಿ, ಯಾವಾಗಿನಿಂದ, (ಇ) ಅಲ್ಲಿನ ನರ್ಸನ್ನು ವರ್ಗಾಯಿಸಲು ಕಾರಣವೇನು. ಅಲ್ಲಿಗೆ ನಿಲ್ಲಿಸಿ ಪೆನ್ನಿಗೆ ಮುಚ್ಚಳ ಹಾಕಿದೆ.

"ಇನ್ನೊಂದು ಬರೀರಿ ಮೇಷ್ಟ್ರೇ. ಯಾರ ಶಿಫಾರಸಿನ ಮೇಲೆ ಅಂತ. ಅದೇ ಮುಖ್ಯ."

ನಾನು ಮುಚ್ಚಳ ತೆಗೆದು ಬರೆದೆ. ಆ ಪ್ರಶ್ನೆಯ ಉತ್ತರ ಅದನ್ನು ಬರೆಯುತ್ತಿದ್ದ ಕೈಯಲ್ಲೇ ಇತ್ತು. ನನ್ನ ಜೀವಮಾನದಲ್ಲಿ ಮೊದಲ ಸಲ ನನ್ನ ಸಾಲು ಡೊಂಕಾಯಿತು. "ಯಾಕೆ ಸಾಲು ಡೊಂಕಾಯ್ತು?" ಎಂದು ಕೇಳಿದರು. "ಬೆಳಗ್ಗೆಯಿಂದ ಕಾಫಿ ಆಗಿಲ್ಲ" ಎಂದೆ. ಅವರೇ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದು ಕೊಟ್ಟರು. ಅದನ್ನು ಕುಡಿದೆ.

ಪ್ರಶ್ನೆ ಕಳಿಸಿದ ದಿನದಿಂದ ಸದನದಲ್ಲಿ ಉತ್ತರ ಬರುವ ದಿನಕ್ಕೆ ಹದಿನೈದು ದಿನಗಳಿದ್ದವು. ಆ ಹದಿನೈದು ದಿನಗಳಲ್ಲಿ ಯಾವ ಗಳಿಗೆಯಲ್ಲಾದರೂ ನಾನು ಹೇಳಬಹುದಿತ್ತು. ಹೇಳಿದ್ದರೆ ಅವರು ಪ್ರಶ್ನೆ ಹಿಂತೆಗೆದುಕೊಳ್ಳಬಹುದಿತ್ತು, ಸದನದ ಎದುರು ಅವರ ಮಾನ ಉಳಿಯುತ್ತಿತ್ತು. ನನ್ನದು ಹೋಗುತ್ತಿತ್ತು, ಅಷ್ಟೇ. ದಿನವೂ ಬೆಳಗ್ಗೆ ಇವತ್ತು ಹೇಳುತ್ತೇನೆಂದು ಮನೆಯಿಂದ ಹೊರಡುವೆ. ಪಡಸಾಲೆಯ ಹೊಸ್ತಿಲು ದಾಟಿದ ಕೂಡಲೇ ಬಂದ ಅರ್ಜಿಗಳನ್ನು ಎಳೆದುಕೊಂಡು ಕೂರುವೆ. ಅಷ್ಟು ಕಾಗದಗಳ ನಡುವೆ ಆ ಒಂದು ಕಾಗದವನ್ನು ಯಾರು ಹುಡುಕುತ್ತಾರೆ ಎಂದು ಸಮಾಧಾನ ಮಾಡಿಕೊಳ್ಳುವೆ. ಹೇಡಿಗಳಿಗೆ ಸಮಾಧಾನಕ್ಕೆ ಬರವಿಲ್ಲ.

ಸದನದ ದಿನ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಅಚ್ಚಾದ ಉತ್ತರಗಳನ್ನು ಬೆಳಗ್ಗೆಯೇ ಸದಸ್ಯರಿಗೆ ಕೊಡುತ್ತಾರೆ. ಮೊಗಸಾಲೆಯಲ್ಲಿ ನಿಂತು ನಾನು ಅವಸರದಲ್ಲಿ ಕಣ್ಣಾಡಿಸಿದೆ. ಕೊನೆಯ ಪ್ರಶ್ನೆಯ ಎದುರು 'ಬಂದ ಶಿಫಾರಸಿನ ಅನ್ವಯ' ಎಂದಷ್ಟೇ ಇತ್ತು. ಹೆಸರಿರಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಓದಿ ಹೇಳಿದೆ.

"ಯಾರ ಶಿಫಾರಸು ಅಂತ ಹೇಳೇ ಇಲ್ಲವಲ್ಲ?" ಎಂದರು. "ಎದ್ದು ನಿಂತು ಕೇಳ್ತೀನಿ. ಉಪಪ್ರಶ್ನೆ ಕೇಳಬಹುದು ಅಂತ ನೀವೇ ಹೇಳಿಕೊಟ್ಟಿದ್ರಲ್ಲ."

"ಅಮ್ಮಾವ್ರೇ," ಎಂದೆ.

"ಏನು?"

ಸದನದ ಗಂಟೆ ಹೊಡೆಯಿತು. ಅವರು ಒಂದು ಕ್ಷಣ ಕಾದರು. ನಿಜವಾಗಿಯೂ ಕಾದರು, ನನ್ನ ಮುಖ ನೋಡುತ್ತ ನಿಂತಿದ್ದರು. ನಾನು, "ಧೈರ್ಯವಾಗಿ ಮಾತಾಡಿ" ಎಂದೆ. ಅವರು ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ಪ್ರೇಕ್ಷಕರ ಗ್ಯಾಲರಿಯ ಮೊದಲ ಸಾಲಿನಲ್ಲಿ ಕೂತಿದ್ದೆ. ಅವರ ಸರದಿ ಬಂದಾಗ ಎದ್ದು ನಿಂತರು. ಧ್ವನಿ ಮೊದಲು ನಡುಗಿತು. "ಮಾನ್ಯ ಸಭಾಧ್ಯಕ್ಷರೇ, ಶಿಫಾರಸು ಬಂತು ಅಂತ ಬರೆದವ್ರೆ. ಯಾರದು ಅಂತ ಬರೆದಿಲ್ಲ. ಒಬ್ಬಳು ತಾಯಿ ನನ್ನ ಕೇಳವಳೆ. ಅವಳಿಗೆ ನಾನು ಹೆಸರು ಹೇಳಬೇಕು."

ಮಂತ್ರಿಗಳು ಎದ್ದರು. ಮುಖದಲ್ಲಿ ನಗುವಿತ್ತು. "ಮಾನ್ಯ ಸದಸ್ಯರ ಗೌರವ ಕಾಪಾಡೋಣ ಅಂತಲೇ ಬರೆದಿರಲಿಲ್ಲ. ಅವರೇ ಕೇಳ್ತಾ ಇರೋದರಿಂದ ಓದ್ತೀನಿ" ಎಂದು ಕಡತದಿಂದ ಒಂದು ಹಾಳೆ ಎತ್ತಿದರು. "ದೀನಜನಬಂಧುಗಳೂ ದಯಾಸಾಗರರೂ ಆದ ಮಾನ್ಯ ಆರೋಗ್ಯ ಸಚಿವರ ಸನ್ನಿಧಾನಕ್ಕೆ..."

ಅವರು ಓದುತ್ತ ಹೋದರು. ಮೊದಲ ಸಾಲಿಗೇ ಶಿವನಂಜಮ್ಮ ತಲೆಯೆತ್ತಿ ಗ್ಯಾಲರಿಯ ಕಡೆ ನೋಡಿದರು. ಜರಿ, ಕುಚ್ಚು ಎಲ್ಲಾ ಯಾರದೆಂದು ಅವರಿಗೆ ತಿಳಿಯಲು ಅಷ್ಟು ಸಾಕಾಗಿತ್ತು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಇಷ್ಟು ವರ್ಷ ಬದುಕುವುದು ಸುಲಭವಾಗುತ್ತಿತ್ತು.

"ಕೆಳಗೆ ಸಹಿ, ಶಿವನಂಜಮ್ಮ" ಎಂದು ಮಂತ್ರಿಗಳು ಮುಗಿಸಿದರು. ಸದನವಿಡೀ ಗೊಳ್ಳೆಂದಿತು. "ಸದನಾನೂ ಹೊಲಿಗೆ ಕ್ಲಾಸು ಅಂದ್ಕೊಂಡವ್ರೆ!" ಎಂದು ಶಿವನಂಜಮ್ಮನವರ ಪಕ್ಷದವನೇ ಒಬ್ಬ ಹಿಂದಿನಿಂದ ಕೂಗಿದ. ಅವರು ಕೂರಲಿಲ್ಲ. ನಗು ಅಡಗುವವರೆಗೂ ಮೇಜಿನ ಅಂಚು ಹಿಡಿದು ನಿಂತೇ ಇದ್ದರು. ಒಂದು ಮಾತು ಹೇಳಿದ್ದರೆ ಸಾಕಿತ್ತು, 'ನನ್ನ ಗುಮಾಸ್ತ ಬರೆದದ್ದು' ಎಂದು. ಎಲ್ಲರೂ ಹಾಗೇ ಹೇಳುತ್ತಾರೆ.

"ಸಹಿ ನಂದೇ, ಸಭಾಧ್ಯಕ್ಷರೇ" ಎಂದರು. "ತಪ್ಪೂ ನಂದೇ. ಆದ್ರೆ ಆಕೆ ಜಾಗಕ್ಕೆ ಇನ್ನೊಬ್ಬರನ್ನ ಯಾಕೆ ಕಳಿಸಲಿಲ್ಲ, ಅದು ಹೇಳಲಿ."

ಮಂತ್ರಿಗಳು ಹಾಳೆಯನ್ನು ಮತ್ತೊಮ್ಮೆ ನೋಡಿದರು. "ಮಾನ್ಯ ಸದಸ್ಯರ ಪತ್ರದಲ್ಲಿ ಬದಲಿ ಕೇಳಿಲ್ಲ. ಕೂಡಲೇ ವರ್ಗಾಯಿಸಿ ಅಂತಷ್ಟೇ ಇದೆ. ಕೇಳಿದಷ್ಟು ಮಾಡಿದ್ದೇವೆ."

ಶಿವನಂಜಮ್ಮ ಕೂತರು. ಸಭಾಧ್ಯಕ್ಷರು ಮುಂದಿನ ಪ್ರಶ್ನೆಯ ಸಂಖ್ಯೆ ಕೂಗಿದರು.

ಹೊರಗೆ ಮೆಟ್ಟಿಲ ಹತ್ತಿರದ ಕಂಬಕ್ಕೆ ಒರಗಿ ನಿಂತಿದ್ದರು. ನಾನು ಹೋಗಿ ಎದುರು ನಿಂತೆ. ಕಾಲಿಗೆ ಬೀಳಲು ಬಗ್ಗಿದರೆ ಕೈ ಅಡ್ಡ ಹಿಡಿದರು.

"ಆ ನರ್ಸು ಬದಲಿ ಬ್ಯಾಡ ಅಂದ್ಲಾ?" ಎಂದು ಕೇಳಿದರು.

ಇಲ್ಲ. ಆ ಮಧ್ಯಾಹ್ನದ ಒಂದು ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ಇಲ್ಲಿಯೂ ಇಷ್ಟು ಹೊತ್ತು ಹೇಳಲಿಲ್ಲ. ಕಣ್ಣೊರೆಸಿಕೊಂಡ ಮೇಲೆ ಎಸ್ತರ್ ಸ್ಪಷ್ಟವಾಗಿ ಹೇಳಿದ್ದರು: "ನನ್ನ ಜಾಗಕ್ಕೆ ಒಬ್ಬರು ಬಂದ ಮೇಲೇ ನನ್ನ ಬಿಡಬೇಕು ಅಂತ ಬರೀರಿ ಸಾರ್. ಅಲ್ಲಿ ದಿನ ತುಂಬಿದೋರು ಇದ್ದಾರೆ. ಜವರಮ್ಮನ ಮಗಳಿಗೆ ಚೊಚ್ಚಲು." ಬರೆಯುತ್ತೇನೆ ಎಂದೆ. ಕೊನೆಯ ಸಾಲಿಗೆ ಅದನ್ನು ಇಟ್ಟುಕೊಂಡಿದ್ದೆ. ಆದರೆ ಮಂತ್ರಿಗಳನ್ನು ಹೊಗಳಿದ್ದೇ ಮೂರು ಸಾಲು ತಿಂದಿತ್ತು. 'ಕೂಡಲೇ ವರ್ಗಾಯಿಸಿ ಅನುಗ್ರಹಿಸಬೇಕಾಗಿ ವಿನಂತಿ' ಎನ್ನುವಷ್ಟರಲ್ಲಿ ಹಸಿರು ಸಹಿ ಬಂದುಬಿಟ್ಟಿತು. ಇನ್ನೊಂದು ಸಾಲು ಬರೆದರೆ ಸಹಿಯ ಮೇಲೆ ಹತ್ತುತ್ತಿತ್ತು. ಇನ್ನೊಂದು ಹಾಳೆ ತೆಗೆದು ಮೊದಲಿನಿಂದ ಬರೆಯಬಹುದಿತ್ತು. ಬಸ್ಸಿಗೆ ಹೊತ್ತಾಗಿತ್ತು. ಅಲ್ಲದೆ ಪತ್ರ ನೋಡಲು ಅಷ್ಟು ಚೆನ್ನಾಗಿ ಬಂದಿತ್ತು.

"ಜಾಗ ಸಾಲಲಿಲ್ಲ, ಅಮ್ಮಾವ್ರೇ" ಎಂದೆ.

"ಬಟ್ಟೆ ಸಾಲದೆ ಬಂದ್ರೆ ಇನ್ನೊಂದು ತುಂಡು ತರಬೇಕು, ಮೇಷ್ಟ್ರೇ. ತೊಡೋರ ತೋಳು ಕತ್ತರಿಸ್ತಾರಾ?" ಎಂದರು. ಬೈಗುಳದ ಧ್ವನಿಯಲ್ಲ, ಹೊಲಿಗೆ ಕಲಿಯಲು ಬಂದ ಹುಡುಗಿಗೆ ಹೇಳುವ ಹಾಗೆ ಹೇಳಿದರು. ನಾನು ಆ ಮೆಟ್ಟಿಲ ಮೇಲೆ ಕೂತು ಅತ್ತೆ.

ಊರಿಗೆ ಮರಳಿದ ದಿನವೇ ಆಚೆಗಟ್ಟೆಗೆ ಹೋದೆವು. ಜವರಮ್ಮ ಮನೆಯ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಶಿವನಂಜಮ್ಮ ಅವಳ ಎದುರು ನೆಲದ ಮೇಲೆ ಕೂತು, "ತಿಳ್ಕೊಂಡು ಬಂದೆ. ಕಾಗದ ನಂದೇ ಜವರವ್ವ. ಸೈನು ನಾನೇ ಹಾಕಿದ್ದು" ಎಂದರು. ನಾನು ಬಾಯಿ ತೆರೆದೆ. ಅವರು ಹಿಂದಿರುಗಿ ನೋಡದೆಯೇ ಕೈಯೆತ್ತಿ ನನ್ನನ್ನು ತಡೆದರು. ಆದರೂ ಆ ಒಂದು ಸಲ ನಾನು ಹೇಳಿದೆ. "ಬರೆದವನು ನಾನಮ್ಮ. ಅವರು ಬರೀ ಹಾಳೆಗೆ ಸಹಿ ಹಾಕಿದ್ದರು."

ಜವರಮ್ಮ ನನ್ನನ್ನು ನೋಡಲೇ ಇಲ್ಲ. ಶಿವನಂಜಮ್ಮನ ಮುಖವನ್ನೇ ನೋಡುತ್ತ ಕೇಳಿದಳು. "ಸೈನು ಹಾಕೋವಾಗ ಹಾಳೇಲಿ ಏನಿತ್ತವ್ವ?"

"ಏನೂ ಇರಲಿಲ್ಲ."

"ಅದ್ರಲ್ಲಿ ನಮ್ ಸಾಕಿ ಇದ್ಲಲ್ಲವ್ವ" ಎಂದು ಮುದುಕಿ ಅವರೆಕಾಯಿಯ ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು.

ಅವತ್ತಿನಿಂದ ಶಿವನಂಜಮ್ಮ ಖಾಲಿ ಹಾಳೆಗೆ ಪೆನ್ನು ತಾಗಿಸಲಿಲ್ಲ. ಬೀರುವಿನಲ್ಲಿ ಉಳಿದಿದ್ದವನ್ನು ತರಿಸಿಕೊಂಡು ನೀರೊಲೆಗೆ ಹಾಕಿದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. "ನೀವೇ ಬರೀಬೇಕು. ಒಂದು ಸಾಲು ಬಿಟ್ರೆ ಏನಾಗ್ತದೆ ಅಂತ ಬೇರೆಯೋರಿಗೆ ಗೊತ್ತಿಲ್ಲ" ಎಂದರು. ಒಂದೊಂದು ಪತ್ರವನ್ನೂ ಅರ್ಜಿ ತಂದವರ ಎದುರಿಗೇ ನಾನು ಗಟ್ಟಿಯಾಗಿ ಓದಬೇಕು. ಅವರು ಕೇಳಿ, "ಇದರಿಂದ ಇನ್ಯಾರಿಗೆ ಏನಾಗ್ತದೆ?" ಎಂದು ವಿಚಾರಿಸಬೇಕು. ಆಮೇಲೆ ಸಹಿ. ದಿನಕ್ಕೆ ಹತ್ತು ಪತ್ರ ಆದರೆ ಹೆಚ್ಚು. ಅಧಿವೇಶನ ನಡೆಯುವಾಗ ಜನ ತಿಂಗಳುಗಟ್ಟಲೆ ಕಾದರು, ಬೇಸತ್ತರು, ಈಯಮ್ಮನಿಂದ ಕೆಲಸ ಆಗುವುದಿಲ್ಲ ಎಂದು ಮೂಗು ಮುರಿದರು. ಅವರು ಮಾತ್ರ ಆರೋಗ್ಯ ಇಲಾಖೆಯ ಮೆಟ್ಟಿಲು ಹತ್ತಿ ಇಳಿದು, ಇಳಿದು ಹತ್ತಿ, ಒಂದು ವರ್ಷದ ಮೇಲೆ ಆಚೆಗಟ್ಟೆಗೆ ಹೊಸ ನರ್ಸನ್ನು ಹಾಕಿಸಿದರು.

ಜವರಮ್ಮ ಪ್ರತಿ ಸೋಮವಾರ ಬರುತ್ತಿದ್ದಳು. ಬೆಳಗಿನ ಬಸ್ಸಿಗೆ ಬಂದು, ಬಾಗಿಲ ಪಕ್ಕ ಗೋಡೆಗೊರಗಿ ಕೂರುವಳು. ಮೊದಲ ವಾರ, "ಏನಮ್ಮಾ, ಅರ್ಜಿ ಇದೆಯೇ?" ಎಂದು ಕೇಳಿದೆ.

"ಏನಿಲ್ಲ ಸ್ವಾಮಿ. ನೀವು ಬರೆಯೋದ ನೋಡಕ್ ಬಂದೆ."

ಅಷ್ಟೇ. ಶಿವನಂಜಮ್ಮ ಅವಳಿಗೆ ಮುದ್ದೆ, ಸಾರು ಬಡಿಸಿ ಕೊಡುವರು. ಉಂಡು ಮತ್ತೆ ಬಂದು ಅದೇ ಜಾಗದಲ್ಲಿ ಕೂರುವಳು. ಕಣ್ಣು ನನ್ನ ಬಲಗೈಯ ಮೇಲೆ. ಓದು ಬರಹ ಬಾರದವಳು, ಅಕ್ಷರಗಳಲ್ಲಿ ಏನು ಹುಡುಕುತ್ತಿದ್ದಳೋ ಕಾಣೆ. ನನ್ನ ಅಕ್ಷರ ಕೆಟ್ಟಿತು. ಜರಿ, ಕುಚ್ಚು ತಾವಾಗಿ ಉದುರಿಹೋದವು. ಹೇಳಬೇಕಾದ್ದನ್ನು ಮೊದಲ ಸಾಲಿಗೇ ಬರೆಯುವುದನ್ನು ಕಲಿತೆ.

ಮುಂದಿನ ಚುನಾವಣೆಯಲ್ಲಿ ಅವರಿಗೆ ಟಿಕೆಟ್ ಸಿಗಲಿಲ್ಲ. ಪಕ್ಷೇತರರಾಗಿ ನಿಂತು ಹೀನಾಯವಾಗಿ ಸೋತರು. ಫಲಿತಾಂಶ ಬಂದ ಮರುದಿನ ಮೇಜನ್ನು ಹೊರಗಿಟ್ಟು ಮೆಷೀನುಗಳನ್ನು ಮತ್ತೆ ನಡುವಿಗೆ ಎಳೆದರು. ನಾನು ಶಾಲೆಗೆ ಮರಳಿದೆ. ಎಷ್ಟೋ ವರ್ಷಗಳ ನಂತರ ಅವರು ತೀರಿಕೊಂಡಾಗ ಮಣ್ಣಿಗೆ ಬಂದವರಲ್ಲಿ ಜವರಮ್ಮ ಇರಲಿಲ್ಲ. ಅವಳು ಅಷ್ಟರಲ್ಲಿ ಹೋಗಿದ್ದಳಂತೆ.

ಈ ಹಾಳೆ ಸಿಕ್ಕಿದ್ದು ಆಮೇಲೆ. ಅಹವಾಲಿನ ಹಳೆಯ ರಿಜಿಸ್ಟರಿನ ಎರಡು ಪುಟಗಳ ನಡುವೆ ಅಂಟಿಕೊಂಡು ಉಳಿದುಬಿಟ್ಟಿತ್ತು. ನಲವತ್ತರಲ್ಲಿ ಪತ್ರವಾಗಿಯೂ ಹೋಗದೆ, ಬೆಂಕಿಗೂ ಬೀಳದೆ ಉಳಿದದ್ದು ಇದೊಂದೇ. ಸುಟ್ಟುಬಿಡಬೇಕೆಂದು ಒಲೆಯವರೆಗೂ ಒಯ್ದೆ. ಆ ಗೆರೆ ಎಳೆದ ಸಹಿಯನ್ನು ನೋಡಿ ಮನಸ್ಸಾಗಲಿಲ್ಲ.

ಸೋಮವಾರ ಬೆಳಗ್ಗೆ, ಮೊದಲ ಬಸ್ಸು ಬರುವ ಹೊತ್ತಿಗೆ, ಪೆಟ್ಟಿಗೆ ತೆಗೆದು ಇದನ್ನು ಮೇಜಿನ ಮೇಲಿಡುತ್ತೇನೆ. ಅಂಗೈಯಿಂದ ನೀವಿ ಸುಕ್ಕು ತೆಗೆಯುತ್ತೇನೆ. ಬಾಗಿಲ ಪಕ್ಕ ಯಾರೋ ಗೋಡೆಗೊರಗಿ ಕೂತ ಹಾಗಾಗುತ್ತದೆ. ನಾನು ತಿರುಗಿ ನೋಡುವುದಿಲ್ಲ. ಪೆನ್ನಿನ ಮುಚ್ಚಳವನ್ನೂ ತೆಗೆಯುವುದಿಲ್ಲ. ಬರಿಯ ಬೆರಳಿನಿಂದ, ಮೇಲಿನಿಂದ ಕೆಳಕ್ಕೆ, ಸಾಲು ಸಾಲಾಗಿ ಬರೆಯುತ್ತ ಹೋಗುತ್ತೇನೆ. ಮಾನ್ಯರೇ, ಎಸ್ತರ್ ಎಂಬ ನರ್ಸಿನ ತಾಯಿಗೆ ಕಾಯಿಲೆಯಾಗಿದೆ. ಅವರನ್ನು ಅವರ ಊರಿಗೆ ಕಳಿಸಿಕೊಡಿ. ಆದರೆ ಅವರ ಜಾಗಕ್ಕೆ ಇನ್ನೊಬ್ಬರು ಬಂದ ಮೇಲೆಯೇ ಕಳಿಸಿ. ಆಚೆಗಟ್ಟೆಯಲ್ಲಿ ದಿನ ತುಂಬಿದವರಿದ್ದಾರೆ.

ಬೆರಳು ನಿಲ್ಲುತ್ತದೆ. ಎಲ್ಲವನ್ನೂ ಬರೆದ ಮೇಲೂ ಹಸಿರು ಸಹಿಯ ಮೇಲೆ ಎರಡು ಬೆರಳಿನಷ್ಟು ಜಾಗ ಉಳಿದಿರುತ್ತದೆ.